ಉಳಿದ ಹತ್ತು ಪಕ್ಕೆಲುಬು

ಟಿಪ್ಪುಸಾಬನ ಕುದುರೆ ಸತ್ತ ದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ ಅವನ ಮನೆಯ ಮುಂದೆ ನಾಲ್ಕು ಮಂದಿ ಬಂದು ನಿಂತಿದ್ದರು. ಯಾರೂ ಅಳಲು ಬಂದವರಲ್ಲ. ಮೊದಲು ಬಂದ ಕೃಷ್ಣವ್ವನಿಗೆ ಬಾಲದ ಕೂದಲು ಬೇಕಾಗಿತ್ತು. ಮೊಮ್ಮಗನ ಕುತ್ತಿಗೆಯ ಮೇಲೆ ನರೂಲಿ ಎದ್ದಿದ್ದವು, ಕುದುರೆಯ ಕೂದಲು ಬಿಗಿದು ಕಟ್ಟಿದರೆ ಎಂಟು ದಿನದಲ್ಲಿ ಉದುರುತ್ತವೆ ಎಂದು ಯಾರೋ ಹೇಳಿದ್ದರು. ಎರಡನೆಯವನಿಗೆ ಕಾಲಿನ ನಾಲ ಬೇಕಾಗಿತ್ತು, ಹೊಸ ಮನೆಯ ಹೊಸ್ತಿಲಿಗೆ ಬಡಿಯಲು. ಮೂರನೆಯವನಿಗೂ ನಾಲವೇ, ಆದರೆ ಉಂಗುರಕ್ಕೆ; ಅವನಿಗೆ ಶನಿ ಕಾಡುತ್ತಿದ್ದ. ಕರಿ ಕುದುರೆಯ ನಾಲವೇ ಆಗಬೇಕೆಂದು ಜ್ಯೋತಿಷಿ ಹೇಳಿದ್ದರೂ, ಸತ್ತದ್ದು ಕೆಂಪು ಕುದುರೆಯಾದರೂ, "ನೆರಳಿಗೆ ನಿಂತಾಗ ಕರೇನ ಕಾಣತಿತ್ತು" ಎಂದು ಅವನು ಹೊಂದಿಸಿಕೊಂಡಿದ್ದ.

ನಾಲ್ಕನೆಯವನು ಲಕ್ಷ್ಮಣ. ಉಳಿದವರು ಕೂದಲು, ಕಬ್ಬಿಣ ಕೇಳಲು ಬಂದಿದ್ದರೆ ಇವನು ಇಡೀ ಕುದುರೆಯನ್ನೇ ಕೇಳಲು ಬಂದಿದ್ದ.

ಲಕ್ಷ್ಮಣ ಬೈಲಹೊಂಗಲದ ಹೊರಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲ್ಯಾಬಿಗೆ ಅಟೆಂಡರ್. ಅದೂ ಖಾಯಂ ಅಲ್ಲ, ದಿನಗೂಲಿ. ಇದೇ ಲ್ಯಾಬಿನಲ್ಲಿ ಪಿಯುಸಿ ವಿಜ್ಞಾನ ಓದಿ ಎರಡು ಸಲ ನಪಾಸಾಗಿದ್ದ. ಮೂರನೆಯ ಸಲ ಪರೀಕ್ಷೆಗೆ ಕೂರುವ ಧೈರ್ಯ ಬರಲಿಲ್ಲ. ಲ್ಯಾಬಿನ ದಾರಿಯಂತೂ ಗೊತ್ತಿತ್ತು, ಕೆಲಸಕ್ಕೆ ಸೇರಿಕೊಂಡ. ಕಪ್ಪೆಯ ಕರುಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬರೆಯಲಾರದವನು ಈಗ ವರ್ಷಕ್ಕೆ ಮುನ್ನೂರು ಕಪ್ಪೆ ಹಿಡಿದು ತಂದು ಉಳಿದವರನ್ನು ಪಾಸು ಮಾಡಿಸುತ್ತಿದ್ದ.

ಹಿಂದಿನ ವರ್ಷ ವಿಶ್ವವಿದ್ಯಾಲಯದಿಂದ ಬಂದ ಕಮಿಟಿ "ದೊಡ್ಡ ಸಸ್ತನಿಯ ಅಸ್ಥಿಪಂಜರ ಇಲ್ಲ" ಎಂದು ಬರೆದು ಹೋಗಿತ್ತು. ಲ್ಯಾಬಿನಲ್ಲಿದ್ದ ಅತಿ ದೊಡ್ಡ ಸಸ್ತನಿ ಎಂದರೆ ಸೀಸೆಯೊಳಗಿನ ಬಾವಲಿ. ಪ್ರಾಚಾರ್ಯರು ಲಕ್ಷ್ಮಣನನ್ನು ಕರೆದು, "ಎಲ್ಲಿಂದರ ತಂದು ಒಂದು ಅಸ್ಥಿಪಂಜರ ನಿಲ್ಲಸು. ಮುಂದಿನ ಕಮಿಟಿ ನೋಡಿ ಛಲೋ ಬರದ್ರ ನಿನ್ನ ಖಾಯಂ ಮಾಡೋದು ನಾ ನೋಡ್ತೇನಿ" ಅಂದಿದ್ದರು. ಅಂದಿನಿಂದ ಲಕ್ಷ್ಮಣ ಊರಲ್ಲಿ ತಿರುಗುವಾಗ ಮುದಿ ಪ್ರಾಣಿಗಳನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದ್ದ. ಟಿಪ್ಪುಸಾಬನ ಕುದುರೆ ಕೆಮ್ಮತೊಡಗಿದ ಮೇಲೆ ಎರಡು ಸಲ ಮನೆಗೆ ಹೋಗಿ ಕ್ಷೇಮ ವಿಚಾರಿಸಿಯೂ ಬಂದಿದ್ದ. ಟಿಪ್ಪುಸಾಬ ಅದನ್ನು ಪ್ರೀತಿ ಎಂದು ತಿಳಿದು ಎರಡು ಸಲವೂ ಚಹಾ ಕುಡಿಸಿದ್ದ.

ಟಿಪ್ಪುಸಾಬ ಮೂಲತಃ ರಾಮದುರ್ಗದ ಕಡೆಯ ತೊರಗಲ್ಲಿನವನು. ಎಪ್ಪತ್ತನೆಯ ಇಸವಿಯ ಆಸುಪಾಸಿನಲ್ಲಿ ಒಂದು ಟಾಂಗಾ, ಒಬ್ಬ ಹೆಂಡತಿ, ಒಂದು ಕುದುರೆಯೊಂದಿಗೆ ಬೈಲಹೊಂಗಲಕ್ಕೆ ಬಂದು ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಂತ. ಅಲ್ಲಿಂದ ಅರಳೆ ಪೇಟೆಗೆ, ಚೆನ್ನಮ್ಮನ ಸಮಾಧಿಗೆ, ಸರಕಾರಿ ದವಾಖಾನೆಗೆ. ಇಪ್ಪತ್ತೇಳು ವರ್ಷದಲ್ಲಿ ಕುದುರೆ ಎರಡು ಸಲ ಬದಲಾಯಿತು, ಹೆಂಡತಿ ಮುಮ್ತಾಜ ಬದಲಾಗಲಿಲ್ಲ, ಟಾಂಗಾದ ಗಾಲಿ ಮಾತ್ರ ಎಷ್ಟು ಸಲ ಬದಲಾದವೋ ಲೆಕ್ಕವಿಲ್ಲ. ಹೆರಿಗೆಗೆ ಹೋಗುವ ಹೆಣ್ಣುಮಕ್ಕಳು ಅವನ ಟಾಂಗಾವನ್ನೇ ಕೇಳುತ್ತಿದ್ದರು. ಎಂಥ ಅವಸರವಿದ್ದರೂ ಅವನು ಕುದುರೆಯನ್ನು ಓಡಿಸುತ್ತಿರಲಿಲ್ಲ. ಲಕ್ಷ್ಮಣನ ತಾಯಿ ಬಾಯವ್ವ ಇವನನ್ನು ಹೊಟ್ಟೆಯಲ್ಲಿಟ್ಟುಕೊಂಡು ದವಾಖಾನೆಗೆ ಹೋದದ್ದೂ ಅದರಲ್ಲೇ. "ಹುಟ್ಟೂಕಿಂತ ಮೊದಲ ನನ್ನ ಗಿರಾಕಿ" ಎಂದು ಟಿಪ್ಪುಸಾಬ ಲಕ್ಷ್ಮಣನನ್ನು ಚೇಷ್ಟೆ ಮಾಡುತ್ತಿದ್ದ.

ಈಗ ಸತ್ತದ್ದು ಮೂರನೆಯ ಕುದುರೆ. ಎಂಬತ್ತನಾಲ್ಕರಲ್ಲಿ ಸವದತ್ತಿಯಲ್ಲಿ ಕೊಂಡದ್ದು. ಇದು ಕಿತ್ತೂರು ಸಂಸ್ಥಾನದ ಲಾಯದ ವಂಶದ ಕುದುರೆ ಎಂದು ಮಾರಿದವನು ಆಣೆ ಮಾಡಿ ಹೇಳಿದ್ದ. ಆ ಸೀಮೆಯಲ್ಲಿ ಆ ವಂಶದ್ದಲ್ಲದ ಕುದುರೆಯನ್ನು ಯಾರೂ ಯಾವತ್ತೂ ಮಾರಿಲ್ಲವಾದ್ದರಿಂದ ಟಿಪ್ಪುಸಾಬ ವಾದ ಮಾಡಲಿಲ್ಲ. ಅದು ಎದೆ ಸೆಟೆಸಿ ನಿಲ್ಲುತ್ತಿತ್ತು, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ಹವಾಲ್ದಾರ ಎಂದು ಹೆಸರಿಟ್ಟ.

ಹದಿಮೂರು ವರ್ಷ ದುಡಿದ ಹವಾಲ್ದಾರ ಆ ದಿನ ಅಂಗಳದಲ್ಲಿ ಕಾಲು ಚಾಚಿ ಮಲಗಿತ್ತು. ಪುರಸಭೆಯ ಟ್ರ್ಯಾಕ್ಟರಿಗೆ ಹೇಳಿ ಕಳಿಸಿಯಾಗಿತ್ತು. ಎತ್ತು ಸತ್ತರೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಡೆಯನ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಟಾಂಗಾದ ಕುದುರೆಗೆ ಹೊಲವಿಲ್ಲ. ಅದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಊರಾಚೆಯ ಹಳ್ಳಕ್ಕೆ ಎಳೆದು ಹಾಕುತ್ತಾರೆ.

ಲಕ್ಷ್ಮಣ ಅಂಗಳದಲ್ಲಿ ನಿಂತು, ತಾನು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿ ವಿಷಯ ತೆಗೆದ.

"ಕಾಕಾ, ಕುದರಿ ನಮ್ಮ ಕಾಲೇಜಿಗೆ ಕೊಡ್ತೀರೇನ್ರಿ?"

"ಕಾಲೇಜಿಗೆ? ಸತ್ತೈತಿ ತಮ್ಮಾ ಅದು."

"ಸತ್ತದ್ದ ಬೇಕಾಗೇತ್ರಿ."

ಒಳಗಿನಿಂದ ಮುಮ್ತಾಜ, "ಎರಡ ಸಲ ಚಾ ಕುಡದ ಹೋಗಿದ್ನಲ್ಲ, ಅದಕ್ಕ ಏನಿವ? ಇದಕ್ಕ ಕಾಯ್ಕೋತ ಇದ್ದ?" ಅಂದಳು.

ಲಕ್ಷ್ಮಣ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಒಂದು ವರ್ಷ ಮಣ್ಣಿನಲ್ಲಿ ಇಟ್ಟು, ಆಮೇಲೆ ಎಲುಬು ತೆಗೆದು, ತೊಳೆದು, ತಂತಿಯಿಂದ ಕಟ್ಟಿ ಕುದುರೆಯಂತೆಯೇ ನಿಲ್ಲಿಸುತ್ತೇವೆ, ಹುಡುಗರು ನೋಡಿ ಕಲಿಯುತ್ತಾರೆ ಎಂದ. ತನ್ನ ಖಾಯಂ ವಿಚಾರವನ್ನೂ ಹೇಳಿದ. ಮುಮ್ತಾಜಳ ಮುಂದೆ ಮುಚ್ಚಿಡುವುದು ಆಗದ ಮಾತೆಂದು ಅಷ್ಟರಲ್ಲಿ ಗೊತ್ತಾಗಿತ್ತು.

ಟಿಪ್ಪುಸಾಬ ಹವಾಲ್ದಾರನ ಕುತ್ತಿಗೆಯ ಮೇಲಿನ ನೊಣ ಓಡಿಸಿದ. ಆಮೇಲೆ ತೊರಗಲ್ಲಿನ ಸುದ್ದಿ ತೆಗೆದ. ಅವನ ತಂದೆಯ ಕುದುರೆ ಸತ್ತಾಗ ಕೋಟೆಯ ಕೆಳಗಿನ ಕಂದಕಕ್ಕೆ ಹಾಕಿದ್ದರು. ಎರಡು ತಿಂಗಳಾದ ಮೇಲೆ ಎಲುಬು ಆರಿಸುವವರು ಬಂದರು. ಎತ್ತಿನದು, ನಾಯಿಯದು, ಕುದುರೆಯದು ಎನ್ನದೆ ಸಿಕ್ಕದ್ದನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ, ಕಾಲಿನಿಂದ ತುಳಿದು, ತೂಕಕ್ಕೆ ಎತ್ತಿ ಹಾಕಿದರು. ಹತ್ತು ವರ್ಷದ ಟಿಪ್ಪುಸಾಬ ತಂದೆಯ ಕೈ ಹಿಡಿದು ಅದನ್ನು ನೋಡಿದ್ದ. ತಂದೆ ಅವರಿಗೆ ಏನೂ ಅನ್ನಲಿಲ್ಲ. ಆದರೆ ಮುಂದೆ ತಾನು ಸಾಯುವವರೆಗೆ ಆ ದಾರಿ ಬಿಟ್ಟು ಕೋಟೆಯನ್ನು ಸುತ್ತು ಹಾಕಿ ಹೋಗುತ್ತಿದ್ದ.

"ನಮ್ಮಪ್ಪನ ಕುದರಿ ಚೀಲದಾಗ ಹೋತು," ಅಂದ ಟಿಪ್ಪುಸಾಬ. "ಇದು ಹಂಗ ಹೋಗಬಾರದು. ಒಂದ ಎಲುಬೂ ಕಡಿಮಿ ಆಗಬಾರದು, ಒಂದೂ ಚೀಲದಾಗ ಉಳೀಬಾರದು. ಅಷ್ಟ ಮಾಡ್ತಿ ಅಂದ್ರ ಒಯ್ಯಿ."

"ಒಂದೂ ಕಡಿಮಿ ಆಗೂದಿಲ್ರಿ ಕಾಕಾ," ಅಂದ ಲಕ್ಷ್ಮಣ. ಅವನ ಜೀವನದಲ್ಲಿ ಅಷ್ಟು ದೊಡ್ಡ ಮಾತನ್ನು ಅಷ್ಟು ಬೇಗ ಕೊಟ್ಟದ್ದು ಅದೇ ಮೊದಲು.

ಟಿಪ್ಪುಸಾಬ ಇಕ್ಕಳ ತಂದು ನಾಲ್ಕೂ ನಾಲಗಳನ್ನು ತಾನೇ ಬಿಚ್ಚಿದ. ನಾಲ ಇದ್ದ ಕುದುರೆ ಎಂದರೆ ಇನ್ನೂ ಕೆಲಸದ ಮೇಲಿರುವ ಕುದುರೆ, ದುಡಿಮೆ ಮುಗಿದ ಮೇಲೆ ಕಾಲು ಬರಿದಾಗಿರಬೇಕು ಎಂಬುದು ಅವನ ತಂದೆಯ ಮಾತು. ಹೊಸ್ತಿಲಿನವನಿಗೆ ಒಂದು, ಶನಿಯವನಿಗೆ ಒಂದು ಕೊಟ್ಟ. ಕೃಷ್ಣವ್ವನಿಗೆ ಬಾಲದಿಂದ ಎರಡೆಳೆ ಕಿತ್ತುಕೊಟ್ಟ. ಎಲ್ಲರೂ ಸಮಾಧಾನದಿಂದ ಹೋದರು.

ಕಾಲೇಜಿನ ಹಿಂದೆ ಶಂಕ್ರೆಪ್ಪ ಎಂಬ ರೈತನ ಬೀಳು ಜಾಗವಿತ್ತು. ಅವನ ಮುದಿ ಎತ್ತನ್ನು ಹಿಂದೊಮ್ಮೆ ಅಲ್ಲೇ ಹೂಳಿದ್ದರಿಂದ ಕುದುರೆಗೂ ಗುಂಡಿ ತೋಡಲು ಅವನು ತಕರಾರು ತೆಗೆಯಲಿಲ್ಲ. ಎಡಗಾಲು ಬಲಗಾಲು ಬೆರಕೆಯಾಗಬಾರದೆಂದು ಟಿಪ್ಪುಸಾಬ ತಾನೇ ಗುಂಡಿಗಿಳಿದು ನಾಲ್ಕೂ ಗೊರಸುಗಳಿಗೆ ಬೇರೆಬೇರೆ ಬಣ್ಣದ ಬಟ್ಟೆ ಕಟ್ಟಿದ.

ಒಂದು ವರ್ಷ ದಾಟಿದ ಮೇಲೆ ಲಕ್ಷ್ಮಣ ಅಗೆದು ತೆಗೆದ. ಡಾಂಬರು ಡಬ್ಬಿಯಲ್ಲಿ ಸೋಡಾ ಹಾಕಿ ಕುದಿಸಿದ, ಸುಣ್ಣದ ತಿಳಿಯಲ್ಲಿ ಅದ್ದಿದ, ಕಾಲೇಜಿನ ಮಾಳಿಗೆಯ ಮೇಲೆ ಒಣಹಾಕಿದ. ಸಂಜೆ ಮನೆಗೆ ಬಂದರೆ ಬಾಯವ್ವ ಒಳಗೆ ಬಿಡುತ್ತಿರಲಿಲ್ಲ. "ಮಂದಿ ಮಕ್ಕಳು ನೌಕರಿಗೆ ಹೋಗ್ತಾರ, ನೀ ದಿನಾ ಮಣ್ಣಿಗೆ ಹೋಗಿ ಬರ್ತಿ" ಎಂದು ಅಂಗಳದಲ್ಲೇ ಎರಡು ಕೊಡ ನೀರು ಸುರಿಯುತ್ತಿದ್ದಳು.

ಇನ್ನು ಕಟ್ಟುವುದು. ಪ್ರಾಣಿಶಾಸ್ತ್ರ ಕಲಿಸುವ ಶೀತಲ್ ಸರ್ ಒಳ್ಳೆಯ ಮನುಷ್ಯರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಜೈನರು. ಎಲುಬು ಮುಟ್ಟುತ್ತಿರಲಿಲ್ಲ. ಲ್ಯಾಬಿನ ಬಾಗಿಲ ಬಳಿ ನಿಂತು, ಕೈ ಹಿಂದೆ ಕಟ್ಟಿಕೊಂಡು ಪಾಠ ಹೇಳುತ್ತಿದ್ದರು. ಲಕ್ಷ್ಮಣ ಅವರಲ್ಲಿ ಕುದುರೆಯ ಚಿತ್ರ ಕೇಳಿದಾಗ ಪುಸ್ತಕ ತೆಗೆದುಕೊಟ್ಟರು. ಅದರಲ್ಲಿ ಕುದುರೆಯ ವಿಕಾಸದ ಮೇಲೆ ನಾಲ್ಕು ಪುಟವಿತ್ತು. ಐದು ಕೋಟಿ ವರ್ಷದ ಹಿಂದೆ ಅದಕ್ಕೆ ಮುಂಗಾಲಿನಲ್ಲಿ ಎಷ್ಟು ಬೆರಳಿದ್ದವು, ಆಮೇಲೆ ಎಷ್ಟಾದವು, ಕಡೆಗೆ ಒಂದೇ ಹೇಗೆ ಉಳಿಯಿತು ಎಂಬುದೆಲ್ಲ ಇತ್ತು. ಮೊಣಕಾಲಿನಿಂದ ಮೇಲಕ್ಕೆ ಏನೂ ಇರಲಿಲ್ಲ.

"ಪರೀಕ್ಷಾದಾಗ ಕಾಲ ಅಷ್ಟ ಕೇಳ್ತಾರಪಾ," ಅಂದರು ಶೀತಲ್ ಸರ್.

ಕೊನೆಗೆ ಹಾಲಿನ ಸಂಘದ ಗೋಡೆಯ ಮೇಲೆ ಒಂದು ಚಿತ್ರ ಸಿಕ್ಕಿತು. ಪಶು ಆಹಾರದ ಕ್ಯಾಲೆಂಡರು. ಆಕಳಿನ ಅಸ್ಥಿಪಂಜರ, ಪ್ರತಿ ಎಲುಬಿಗೂ ನಂಬರು. ನಾಲ್ಕು ಕಾಲು, ಒಂದು ಬಾಲ, ಕೋಡು ಬಿಟ್ಟರೆ ಎರಡಕ್ಕೂ ಏನು ಫರಕು ಎಂದು ಲಕ್ಷ್ಮಣ ತನಗೆ ತಾನೇ ಹೇಳಿಕೊಂಡ. ವಿಜ್ಞಾನದಲ್ಲಿ ಎರಡು ಸಲ ನಪಾಸಾದವನ ಬಾಯಿಂದ ಬಂದ ಈ ಮಾತನ್ನು ಕೇಳಿ ತಡೆಯುವವರು ಯಾರೂ ಹತ್ತಿರ ಇರಲಿಲ್ಲ. ವೆಲ್ಡಿಂಗ್ ಅಂಗಡಿಯ ಅತೀಕ ಬೆನ್ನಿಗೆ ಆಧಾರವಾಗಿ ಕಬ್ಬಿಣದ ಸಲಾಕಿ ಬಾಗಿಸಿ ಕೊಟ್ಟ. ಕಾಲುಗಳು ಸರಿಯಾಗಿ ಕೂತವು, ಐದು ಕೋಟಿ ವರ್ಷದ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಕ್ಯಾಲೆಂಡರಿನಲ್ಲಿ ಪಕ್ಕೆಲುಬು ಹದಿಮೂರು ಜೋಡಿ ಇದ್ದವು, ಹದಿಮೂರು ಜೋಡಿ ಕಟ್ಟಿದ.

ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಹತ್ತು ಪಕ್ಕೆಲುಬು, ಐದು ಬೆನ್ನೆಲುಬಿನ ಮಣಿ ಉಳಿದಿದ್ದವು.

ಲಕ್ಷ್ಮಣ ಒಂದು ತಾಸು ಅವುಗಳ ಮುಂದೆ ಕೂತ. ಅದೇ ಬಣ್ಣ, ಅದೇ ಅಳತೆ, ಅದೇ ಸುಣ್ಣ. ಆಗ ಶಂಕ್ರೆಪ್ಪನ ಎತ್ತು ನೆನಪಾಯಿತು. ಅದೇ ಜಾಗದಲ್ಲಿ ಎತ್ತು ಹೂಳಿದ್ದಲ್ಲವೇ? ಇವು ಅದರವೇ ಇರಬೇಕು. ಆ ಎತ್ತು ನಾಲ್ಕು ಮಾರು ಆಚೆ ಇತ್ತು ಎಂಬುದು ಅವನಿಗೆ ಗೊತ್ತಿತ್ತು. ಅದು ಭೂಮಿಯೊಳಗೆ ಸರಿದು ಬಂದಿರಬಹುದು ಎಂಬ ವಿಚಾರಕ್ಕೆ ಆ ಸಂಜೆ ಯಾವ ಅಡ್ಡಿಯೂ ಕಾಣಲಿಲ್ಲ. ಉಳಿದವನ್ನೆಲ್ಲ ಒಂದು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬಾವಲಿಯ ಸೀಸೆಯ ಕಪಾಟಿನ ಮೇಲೆ ಇಟ್ಟ. ಚೀಲ ಎಂಬುದು ತಲೆಗೆ ಬಂದದ್ದು ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ. ತಿರುಗಿ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತು ಹಾಕಿ ಮನೆ ಸೇರಿದ.

ಮರುದಿನ ಶೀತಲ್ ಸರ್ ಬಾಗಿಲಲ್ಲಿ ನಿಂತು ನೋಡಿ, "ಛಲೋ ಆಗೇತಿ. ಸ್ವಲ್ಪ ಗಿಡ್ಡ ಅನಸ್ತೈತಿ, ನಮ್ಮ ಕಡೀ ಕುದರಿ ಗಿಡ್ಡನ ಇರ್ತಾವ" ಅಂದರು. ಪ್ರಾಚಾರ್ಯರು ಬಂದು ಮೈಮೇಲೆ ಕೈಯಾಡಿಸಿ ಹೋದರು. ಕಮಿಟಿ ಜನವರಿಯ ಒಂದು ಗುರುವಾರಕ್ಕೆ ಗೊತ್ತಾಯಿತು.

ಇಷ್ಟರಲ್ಲಿ ಟಿಪ್ಪುಸಾಬ ಟಾಂಗಾ ಮಾರಿದ್ದ. ಮಗ ಮುಸ್ತಕೀಮ ಆಟೋ ತೆಗೆದುಕೊಂಡಿದ್ದ. ಟಿಪ್ಪುಸಾಬ ಅವನ ಪಕ್ಕದಲ್ಲಿ ಅರ್ಧ ಕುಂಡೆ ಇಟ್ಟು ಕೂತು, ತಿರುವು ಬಂದಾಗ ಬಾಯಲ್ಲಿ ಟಕ್ ಟಕ್ ಎನ್ನುತ್ತಿದ್ದ. ಆಟೋ ಅದರಿಂದಲೇ ತಿರುಗುತ್ತದೆ ಎಂಬಂತೆ ಮುಸ್ತಕೀಮ ತಂದೆಯ ಟಕ್ ಟಕ್ ಕೇಳಿದ ಮೇಲೆಯೇ ಹ್ಯಾಂಡಲ್ ತಿರುಗಿಸುತ್ತಿದ್ದ. ಲಕ್ಷ್ಮಣ ಎದುರಾದಾಗಲೆಲ್ಲ ಟಿಪ್ಪುಸಾಬ, "ನಿಂತಿತೇನೋ ತಮ್ಮಾ?" ಎಂದು ಕೇಳುತ್ತಿದ್ದ. ಲಕ್ಷ್ಮಣ, "ಇನ್ನೂ ಸ್ವಲ್ಪ ಐತ್ರಿ ಕಾಕಾ" ಅನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ಇನ್ನೂ ಸ್ವಲ್ಪ ಕಪಾಟಿನ ಮೇಲೆ ಇತ್ತು.

ಬುಧವಾರ ಮಧ್ಯಾಹ್ನ ಲಕ್ಷ್ಮಣ ನೆಲ ಒರೆಸುತ್ತಿದ್ದಾಗ ಲ್ಯಾಬಿನ ಬಾಗಿಲಲ್ಲಿ ಟಿಪ್ಪುಸಾಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಟೋಪಿ, ಹೆಗಲ ಮೇಲೆ ಹವಾಲ್ದಾರನ ಜೀನು, ಚರ್ಮದ ಪಟ್ಟಿ. ಆಟೋದಲ್ಲಿ ಬಂದ ಕಾಲೇಜಿನ ಹುಡುಗಿಯರು ಕುದುರೆ ನಿಂತಿದೆ ಎಂದು ಹೇಳಿಬಿಟ್ಟಿದ್ದರು.

"ನಾಳೆ ದೊಡ್ಡ ಮಂದಿ ಬರ್ತಾರಂತ," ಅಂದ ಟಿಪ್ಪುಸಾಬ. "ಬರೇ ಮೈಲೆ ನಿಂತ್ರ ಛಲೋ ಕಾಣೂದಿಲ್ಲ. ಟಾಂಗಾ ಮಾರಿದ್ನಿ, ಇದನ್ನ ಯಾರೂ ಕೇಳಲಿಲ್ಲ. ಎಣ್ಣಿ ಹಚ್ಚಿ ತಂದೇನಿ. ತೊಡಸೂಣು."

ಲಕ್ಷ್ಮಣ ಬೇಡ ಅನ್ನುವಷ್ಟರಲ್ಲಿ ಅವನು ಒಳಗೆ ಬಂದಾಗಿತ್ತು. ಅಸ್ಥಿಪಂಜರದ ಮುಂದೆ ಸ್ವಲ್ಪ ಹೊತ್ತು ನಿಂತ. ತಲೆಬುರುಡೆಯ ಮೇಲೆ, ಕಣ್ಣುಗಳ ನಡುವೆ, ಅಂಗೈ ಇಟ್ಟ. ಆಮೇಲೆ ಬೆನ್ನಿನ ಮೇಲೆ ಜೀನು ಇಟ್ಟು, ಅದರ ಹಿಂದಿನ ಉದ್ದ ಪಟ್ಟಿಯನ್ನು ಬಾಲಕ್ಕೆ ಒಯ್ದ. ಜೀನು ಮುಂದೆ ಜಾರದಂತೆ ಬೆನ್ನುದ್ದಕ್ಕೂ ಹೋಗಿ ಬಾಲದ ಬುಡಕ್ಕೆ ಸುತ್ತಿಕೊಳ್ಳುವ ಪಟ್ಟಿ ಅದು. ಹದಿಮೂರು ವರ್ಷ ಒಂದೇ ತೂತಿನಲ್ಲಿ ಬಕಲ್ಲು ಹಾಕಿ ಹಾಕಿ ಆ ತೂತು ಅಗಲವಾಗಿತ್ತು.

ಬಕಲ್ಲು ಹಾಕಿದ. ಪಟ್ಟಿ ಒಂದು ಗೇಣು ಜೋಲು ಬಿತ್ತು.

ಬಿಚ್ಚಿ ಮತ್ತೆ ಹಾಕಿದ. ಮತ್ತೆ ಒಂದು ಗೇಣು.

"ಮಾಂಸ ಹೋಗೇತಲ್ರಿ ಕಾಕಾ, ಅದಕ್ಕ," ಅಂದ ಲಕ್ಷ್ಮಣ.

"ಮಾಂಸ ಹೋದ್ರ ಹೊಟ್ಟಿ ಸಣ್ಣದಾಗತೈತಿ. ಬೆನ್ನಿನ ಉದ್ದ ಯಾಕ ಕಡಿಮಿ ಆಗಬೇಕು?"

ಲಕ್ಷ್ಮಣ ನೆಲ ಒರೆಸುವ ಅರಿವೆಯನ್ನು ಹಿಂಡಿದ. ಅದರಲ್ಲಿ ನೀರಿರಲಿಲ್ಲ.

ಟಿಪ್ಪುಸಾಬ ಪಕ್ಕಕ್ಕೆ ಬಂದು, ಕಣ್ಣು ಮುಚ್ಚಿ, ಮುಂಗಾಲಿನ ಹಿಂದಿನಿಂದ ಹೊಟ್ಟೆಯ ಕಡೆಗೆ ಬೆರಳು ಎಳೆಯುತ್ತ ಹೋದ. ಮೈ ತಿಕ್ಕುವಾಗಿನ ಹಾಗೆ. ನಡುವೆಯೇ ಬೆರಳು ಗಾಳಿಗೆ ಬಿತ್ತು. ಕಣ್ಣು ತೆರೆದ.

"ಹದಿಮೂರ ಅದಾವ."

"ಚಿತ್ರದಾಗ ಅಷ್ಟ ಇದ್ದುವ್ರಿ."

"ಯಾವ ಚಿತ್ರದಾಗ?"

"ಹಾಲಿನ ಸಂಘದ್ರಿ."

ಟಿಪ್ಪುಸಾಬ ಅವನ ಕಡೆ ತಿರುಗಿದ. "ಹವಾಲ್ದಾರ ಯಾವಾಗ ಹಾಲ ಕೊಟ್ಟಿತ್ತಪಾ?"

"ಎಷ್ಟ ಇರಬೇಕ್ರಿ?"

"ಹದಿನೆಂಟು."

"ಅಷ್ಟು ಖಾತ್ರೀಲೆ ಹೆಂಗ ಹೇಳ್ತೀರಿ ಕಾಕಾ? ನಮ್ಮ ಸರ್‌ಗೂ ಗೊತ್ತಿಲ್ಲ."

ಟಿಪ್ಪುಸಾಬ ಸ್ಟೂಲಿನ ಮೇಲೆ ಕೂತ. ಬಸ್ ಸ್ಟ್ಯಾಂಡಿನ ಮುಂದೆ ಆಟೋಗಳು ಸಾಲು ಹಚ್ಚಿದ ವರ್ಷ, ಟಾಂಗಾಕ್ಕೆ ದಿನಕ್ಕೆ ಒಂದು ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

"ಆ ಬ್ಯಾಸಿಗ್ಯಾಗ ಅರ್ಧಾ ಮೇವು ಹಾಕೇನಿ," ಅಂದ. "ಮನ್ಯಾಗ ನಾವು ಉಂಡೇವಿ, ಅದಕ್ಕ ಅರ್ಧಾ ಹಾಕೇನಿ. ದಿನಾ ಮೈ ತಿಕ್ಕುವಾಗ ಒಂದೊಂದ ಎಲುಬು ಕೈಗೆ ಹತ್ತತಿತ್ತು. ಎಣಸಬಾರದು ಅಂತಿದ್ನಿ. ಕೈ ತಾನ ಎಣಸತಿತ್ತು. ಎರಡೂ ಕಡೆ ಹದಿನೆಂಟು."

ಹೊರಗೆ ಯಾವುದೋ ತರಗತಿಯ ಗಂಟೆ ಹೊಡೆಯಿತು. ಲಕ್ಷ್ಮಣ ಸ್ಟೂಲು ಕೇಳಿದ. ಟಿಪ್ಪುಸಾಬ ಎದ್ದು ಕೊಟ್ಟ. ಲಕ್ಷ್ಮಣ ಅದರ ಮೇಲೆ ಹತ್ತಿ, ಕಪಾಟಿನ ಮೇಲಿಂದ ಚೀಲ ಇಳಿಸಿ, ಇಬ್ಬರ ನಡುವೆ ನೆಲದ ಮೇಲೆ ಇಟ್ಟ. ಶಂಕ್ರೆಪ್ಪನ ಎತ್ತಿನ ಸುದ್ದಿ ಹೇಳಲು ಬಾಯಿ ತೆರೆದ. ಈಗ ಆ ಎತ್ತು ಭೂಮಿಯೊಳಗೆ ಒಂದು ಹೆಜ್ಜೆಯೂ ಸರಿಯಲೊಲ್ಲದು.

ಟಿಪ್ಪುಸಾಬ ಚೀಲ ನೋಡಿದ. ಅದರ ಬಾಯಿ ಬಿಚ್ಚಲಿಲ್ಲ.

"ಚೀಲದಾಗ ಇಟ್ಟಿ," ಅಂದ.

"ಹೌದ್ರಿ."

ಬೈದಿದ್ದರೆ ಲಕ್ಷ್ಮಣನಿಗೆ ಬೈಸಿಕೊಳ್ಳುವ ಅಭ್ಯಾಸವಿತ್ತು. ಟಿಪ್ಪುಸಾಬ ಬೈಯಲಿಲ್ಲ. ಜೀನು ಇಳಿಸಿ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ನಾಳೆ ಕಮಿಟಿ ಹೋಗ್ಲಿ," ಅಂದ. "ಅವರೇನ ಎಣಸೂದಿಲ್ಲ. ನಿನ್ನ ನೌಕರಿ ಮ್ಯಾಲ ಕಲ್ಲ ಹಾಕಾಕ ನಾ ಬಂದಿಲ್ಲ. ಶುಕ್ರವಾರ ನಮಾಜ ಮುಗಿಸಿ ಬರ್ತೇನಿ, ಆವಾಗ ಜೋಡಸೂಣು."

ಇದು ಸರಿಯಾದ ಮಾತು. ನಿಂತ ಕುದುರೆ, ನಿಂತ ನೌಕರಿ, ಒಂದು ದಿನದ ಮಾತು. ಲಕ್ಷ್ಮಣ ಧೈರ್ಯವಂತ ಎಂದು ಯಾರೂ ತಪ್ಪು ತಿಳಿಯಬಾರದು. ಅವನು ಟಿಪ್ಪುಸಾಬನ ಮಾತಿಗೆ ಹೂಂ ಅನ್ನಲೆಂದೇ ತಲೆ ಎತ್ತಿದ್ದ. ಆದರೆ ಟಿಪ್ಪುಸಾಬ ಅವನನ್ನು ನೋಡುತ್ತಿರಲಿಲ್ಲ. ಕುದುರೆಯನ್ನೂ ನೋಡುತ್ತಿರಲಿಲ್ಲ. ಎರಡೂ ತಪ್ಪುವಂತೆ, ಕಿಟಕಿಯ ಹೊರಗೆ ಸುತ್ತು ಹಾಕಿ ನೋಡುತ್ತಿದ್ದ.

ಲಕ್ಷ್ಮಣ ಇಕ್ಕಳ ತೆಗೆದುಕೊಂಡು ಹದಿಮೂರನೆಯ ಮಣಿಯ ತಂತಿ ಕತ್ತರಿಸಿದ.

ಒಮ್ಮೆ ಕತ್ತರಿಸಿದ ಮೇಲೆ ನಿಲ್ಲಿಸಲು ಬರುವ ಕೆಲಸವಲ್ಲ ಅದು. ಹಿಂದಿನ ಸೊಂಟ, ಹಿಂಗಾಲು, ಬಾಲ ಎಲ್ಲವೂ ಇಳಿಯಬೇಕಾಯಿತು. ಟಿಪ್ಪುಸಾಬ ಟೋಪಿ ಸರಿಮಾಡಿಕೊಂಡು, ಚಾಪೆ ಹಾಸಿ, ಬಂದ ಎಲುಬನ್ನು ಬಂದ ಸಾಲಿನಲ್ಲಿ ಜೋಡಿಸಿದ. ಸಂಜೆಯ ಹೊತ್ತಿಗೆ ಹವಾಲ್ದಾರ ಮುಂದಿನರ್ಧ ನಿಂತು, ಹಿಂದಿನರ್ಧ ಮಲಗಿತ್ತು. ಆಗ ತಿಳಿದದ್ದು, ಬೆನ್ನಿನ ಸಲಾಕಿಯೂ ಒಂದು ಗೇಣು ಕಡಿಮೆ. ಅತೀಕನ ಅಂಗಡಿಗೆ ಓಡಿದರೆ ಕರೆಂಟು ಇರಲಿಲ್ಲ. "ಮುಂಜಾನಿ ಹತ್ತಕ್ಕ ಕರೆಂಟ ಬರತೈತಿ, ಬಂದ ಕೂಡ್ಲೆ ಮಾಡಿ ಕೊಡ್ತೇನಿ" ಅಂದ ಅತೀಕ.

ಗುರುವಾರ ಕರೆಂಟು ಹನ್ನೊಂದೂವರೆಗೆ ಬಂತು. ಕಮಿಟಿ ಹನ್ನೊಂದಕ್ಕೆ ಬಂತು.

ಮೂವರಿದ್ದರು. ಮುಂದಾಳು ವಾಣಿಜ್ಯದವರು, ಒಬ್ಬರು ಕನ್ನಡದ ಮೇಡಂ, ಇನ್ನೊಬ್ಬರು ಯಾವ ವಿಷಯದವರೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಪ್ರಾಚಾರ್ಯರು "ಇದು ನಮ್ಮ ಪ್ರಾಣಿಶಾಸ್ತ್ರ" ಎಂದು ಬಾಗಿಲು ತಳ್ಳಿದರು. ಒಳಗೆ ಅರ್ಧ ಕುದುರೆ ಬೆಂಚಿಗೆ ಹಗ್ಗದಿಂದ ಕಟ್ಟಿಸಿಕೊಂಡು ನಿಂತಿತ್ತು. ಚಾಪೆಯ ಮೇಲೆ ಟಿಪ್ಪುಸಾಬ ಎರಡೂ ಕೈಯಲ್ಲಿ ಪಕ್ಕೆಲುಬು ಹಿಡಿದು, ಉದ್ದ ನೋಡಿ ಹಿಂದುಮುಂದು ಮಾಡುತ್ತಿದ್ದ. ಸಾಲು ತಪ್ಪೀತೆಂದು ಎದ್ದು ನಿಲ್ಲಲಿಲ್ಲ. ಶೀತಲ್ ಸರ್ ಬಾಗಿಲಿನ ಹೊರಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಇವರು ಯಾರು?" ಎಂದು ಮೇಡಂ ಕೇಳಿದರು.

ಪ್ರಾಚಾರ್ಯರು ಲಕ್ಷ್ಮಣನ ಮುಖ ನೋಡಿದರು. ಲಕ್ಷ್ಮಣ ಬಾವಲಿಯ ಮುಖ ನೋಡಿದ.

"ಕುದುರೆಯ ವಿಷಯದಲ್ಲಿ ಅನುಭವಿಕರು," ಅಂದರು ಪ್ರಾಚಾರ್ಯರು.

ಮೇಡಂ ಟಿಪ್ಪುಸಾಬನ ಮುಂದೆ ಬಗ್ಗಿ ಕೇಳಿದರು. "ಎಷ್ಟು ಇರುತ್ತವೆ ಇವು?"

"ಹದಿನೆಂಟು ಜೋಡಿರಿ. ಆಕಳಿಗೆ ಹದಿಮೂರು," ಎಂದು ಹೇಳಿ ಟಿಪ್ಪುಸಾಬ ಲಕ್ಷ್ಮಣನ ಕಡೆ ನೋಡಿದ. "ಫರಕ ಭಾಳ ಮಂದಿಗೆ ಗೊತ್ತಾಗೂದಿಲ್ರಿ."

"ಎಲ್ಲಿ ಕಲಿತಿರಿ?"

"ಬಸ್ ಸ್ಟ್ಯಾಂಡ್‌ನಾಗ್ರಿ."

ಮೇಡಂ ನಕ್ಕರು. ವಾಣಿಜ್ಯದವರು ನಗಲಿಲ್ಲ, ಅವರಿಗೆ ನಿಂತ ಭಾಗವನ್ನು ಬರೆಯಬೇಕೋ ಮಲಗಿದ ಭಾಗವನ್ನು ಬರೆಯಬೇಕೋ ಎಂಬ ಚಿಂತೆ ಇದ್ದಂತಿತ್ತು. ಕೊನೆಗೆ ಎರಡೇ ಶಬ್ದ ಬರೆದರು: ಅಸ್ಥಿಪಂಜರ ಅಪೂರ್ಣ.

ಪ್ರಾಚಾರ್ಯರು ಸಂಜೆ ಆ ಎರಡು ಶಬ್ದವನ್ನು ಲಕ್ಷ್ಮಣನಿಗೆ ಓದಿ ಹೇಳಿದರು. "ನಿನ್ನೆ ಪೂರ್ತಿ ನಿಂತಿತ್ತಲ್ಲೋ ಮಾರಾಯಾ," ಅಂದರು. "ಇಷ್ಟ ಬರದ ಹೋದ ಮ್ಯಾಲ ಯಾವ ಬಾಯಿಲೆ ನಿನ್ನ ಖಾಯಂ ಸುದ್ದಿ ತಗೀಲಿ?"

ಮನೆಯಲ್ಲಿ ಬಾಯವ್ವ, "ಸತ್ತ ಕುದರಿ ಸಲುವಾಗಿ ನೌಕರಿ ಕಳಕೊಂಡವ ನೀ ಒಬ್ಬನ" ಅಂದಳು.

"ಕಳಕೊಂಡಿಲ್ಲವ್ವ. ಎಲ್ಲಿತ್ತೋ ಅಲ್ಲೇ ಐತಿ," ಅಂದ ಲಕ್ಷ್ಮಣ. ಅದು ನಿಜವಾಗಿತ್ತು. ಅದು ಇನ್ನೂ ಆರು ವರ್ಷ ಎಲ್ಲಿತ್ತೋ ಅಲ್ಲೇ ಇತ್ತು.

ಶುಕ್ರವಾರ ನಮಾಜು ಮುಗಿಸಿ ಟಿಪ್ಪುಸಾಬ ಬಂದ. ಅತೀಕನ ಹೊಸ ಸಲಾಕಿ ಬಂದಿತ್ತು. ಶನಿವಾರ ಸಂಜೆ ನಾಲ್ಕಕ್ಕೆ ಬಾಲದ ಕೊನೆಯ ಮಣಿ ಸೇರಿತು. ಮೇಜಿನ ಮೇಲೆ ಏನೂ ಉಳಿಯಲಿಲ್ಲ. ಟಿಪ್ಪುಸಾಬ ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದ.

ಜೀನು ಇಟ್ಟ. ಪಟ್ಟಿಯನ್ನು ಬೆನ್ನುದ್ದಕ್ಕೂ ಒಯ್ದು ಬಾಲಕ್ಕೆ ಸುತ್ತಿ, ಅಗಲವಾದ ಹಳೆಯ ತೂತಿನಲ್ಲಿ ಬಕಲ್ಲು ಹಾಕಿದ. ಪಟ್ಟಿ ಬೆನ್ನಿಗೆ ಅಂಟಿ ಕೂತಿತು. ಟಾಂಗಾ ಹೂಡುವ ಮೊದಲು ಮಾಡುತ್ತಿದ್ದಂತೆ ಎರಡು ಸಲ ಜಗ್ಗಿ ನೋಡಿದ. ಆಮೇಲೆ ಬಕಲ್ಲು ಬಿಚ್ಚಿ ಜೀನು ಇಳಿಸಿದ.

"ಇರಲಿ ಬಿಡ್ರಿ ಕಾಕಾ, ಛಲೋ ಕಾಣತೈತಿ."

"ಬ್ಯಾಡ. ಇನ್ನ ಎಲ್ಲಿಗೆ ಹೋಗಬೇಕೈತಿ ಅದಕ್ಕ?" ಎಂದು ಜೀನನ್ನು ಕಿಟಕಿಯ ಗೂಟಕ್ಕೆ ಸಿಕ್ಕಿಸಿದ.

ಹೊರಡುವಾಗ ಕಪಾಟಿನ ಪಕ್ಕದಲ್ಲಿ ಬಿದ್ದಿದ್ದ ಗೋಣಿಚೀಲ ಎತ್ತಿಕೊಂಡ. ಒಳಗು ಹೊರಗು ಮಾಡಿ ತಿರುವಿದ, ಕಿಟಕಿಯ ಹೊರಗೆ ಎರಡು ಸಲ ಕೊಡವಿದ. ಸುಣ್ಣದ ಧೂಳು ಮಾತ್ರ ಬಿತ್ತು. ಚೀಲವನ್ನು ನಾಲ್ಕು ಮಡಿಕೆ ಮಾಡಿ ಬಗಲಲ್ಲಿ ಇಟ್ಟುಕೊಂಡ.

"ಚೀಲ ಯಾಕ್ರಿ ಕಾಕಾ?"

"ಇಲ್ಲೇ ಬಿಟ್ರ ಮತ್ತ ಏನರ ಉಳಸ್ತಿ," ಅಂದ ಟಿಪ್ಪುಸಾಬ. ಹೊರಗೆ ಮುಸ್ತಕೀಮ ಆಟೋ ಚಾಲೂ ಮಾಡಿ ಕಾಯುತ್ತಿದ್ದ.